ನೀರು ಕುಡಿದ ಊರುಗಳು

ನಿಯಾಪಾವ್ ಮೂರನೆಯ ಸಲ ಬಿದಿರಿನ ಎರಡು ಹೋಳುಗಳನ್ನು ನೆಲಕ್ಕೆ ಎಸೆದರು. ಮೂರನೆಯ ಸಲವೂ ಎರಡೂ ಬೋರಲಾಗಿಯೇ ಬಿದ್ದವು. ಒಂದು ಬೋರಲು, ಒಂದು ಅಂಗಾತ ಬಿದ್ದಿದ್ದರೆ ಸತ್ತವಳು ಹೂಂ ಎಂದಳೆಂದು ಅರ್ಥ. ಬ್ಲಿಯಾ ಹೂಂ ಎನ್ನುತ್ತಿರಲಿಲ್ಲ.

"ಮನೆ ಹೊಸ್ತಿಲು ದಾಟಿದ್ಲು. ಅಲ್ಲಿಂದಾಚೆ ಹೆಜ್ಜೆ ಎತ್ತಲ್ಲ ಅಂತಾಳೆ," ಎಂದು ದಾರಿ ಹೇಳುವ ಮುದುಕರು ಹಾಡು ನಿಲ್ಲಿಸಿ ಬ್ಲಿಯಾಳ ಮಗಳು ಕಜುವಾಳ ಕಡೆ ತಿರುಗಿದರು. "ಮಗಳೇ, ನಿನ್ನ ಪಟ್ಟೀಲಿ ಯಾವ್ದೋ ಊರು ಬಿಟ್ಟೋಗಿದೆ. ಇನ್ನೊಂದ್ಸಲ ನೋಡು."

ಕಜುವಾ ಕೈಯಲ್ಲಿದ್ದ ಹಾಳೆಯನ್ನು ಮತ್ತೆ ಬಿಡಿಸಿದಳು. ಅಮ್ಮ ಬಾಳಿದ ಊರುಗಳನ್ನು ಕೊನೆಯದರಿಂದ ಹಿಂದಕ್ಕೆ ಬರೆದಿಟ್ಟಿದ್ದಳು. ಸೇಂಟ್ ಪಾಲ್‌ನ ಈಗಿನ ಮನೆ, ಅದಕ್ಕೆ ಮೊದಲಿನ ಬಾಡಿಗೆ ಮನೆ, ಫ್ರೆಸ್ನೋದ ಎರಡು ಮನೆ, ಥಾಯ್ಲೆಂಡಿನ ನಿರಾಶ್ರಿತರ ಶಿಬಿರ, ಮೆಕಾಂಗ್ ನದಿಯ ದಂಡೆ, ಲಾವೋಸಿನ ಎರಡು ಬೆಟ್ಟದೂರು, ಕೊನೆಗೆ ಅಮ್ಮ ಹುಟ್ಟಿದ ಪಾಲೋಂಗ್. ಹ್ಮಾಂಗ್ ಜನರಲ್ಲಿ ಸತ್ತವರು ಬಂದ ದಾರಿಯಲ್ಲೇ ವಾಪಸು ನಡೆಯಬೇಕು. ಬಾಳಿದ ಒಂದೊಂದು ಊರಿನ ನೆಲದೊಡೆಯನಿಗೂ ಕೈಮುಗಿದು, ನಿನ್ನ ನೀರು ಕುಡಿದೆ, ನಿನ್ನ ಸೌದೆ ಉರಿಸಿದೆ, ಇನ್ನು ಹೊರಟೆ ಎನ್ನಬೇಕು. ಹುಟ್ಟಿದಾಗ ಮಾಸು ಹೂತ ಜಾಗವನ್ನು ತಲುಪಿ, ಆ ಮಾಸನ್ನೇ ಅಂಗಿಯಾಗಿ ತೊಟ್ಟರೆ ಮಾತ್ರ ಹಿರಿಯರು ಗುರುತು ಹಿಡಿಯುತ್ತಾರೆ. ನಡುವೆ ಒಂದೇ ಒಂದು ಊರು ತಪ್ಪಿದರೂ ಜೀವ ಅಲ್ಲೇ ಅಡ್ಡಾಡಿಕೊಂಡು ಉಳಿಯುತ್ತದೆ.

ಅಮ್ಮನನ್ನು ಹೀಗೆ ನಡುದಾರಿಯಲ್ಲಿ ಬಿಟ್ಟುಬಿಟ್ಟರೆ ಎಂದುಕೊಳ್ಳುತ್ತ ಕಜುವಾ ಒಂದೊಂದು ಊರಿನ ಮೇಲೂ ಬೆರಳಿಟ್ಟು ಮತ್ತೆ ಎಣಿಸಿದಳು.

ಇನ್ನೂರು ಮುನ್ನೂರು ಜನ ಸೇರಬೇಕಾಗಿದ್ದ ಸಭಾಂಗಣದಲ್ಲಿ ಅರವತ್ತು ಜನರಿದ್ದರು. ವಲಸಿಗರನ್ನು ಹಿಡಿದೊಯ್ಯುವ ಪೊಲೀಸರು ಮುಸುಕು ಹಾಕಿಕೊಂಡು ಕಪ್ಪು ಗಾಜಿನ ಕಾರುಗಳಲ್ಲಿ ತಿರುಗುತ್ತಿದ್ದ ಚಳಿಗಾಲ ಅದು. ತರಕಾರಿ ಸಂತೆಗೂ ಜನ ಬರುವುದು ಬಿಟ್ಟಿದ್ದರು. ಮನೆಯ ಅಳಿಯಂದಿರು ಇಬ್ಬಿಬ್ಬರಾಗಿ ಬಾಗಿಲು ಕಾಯುತ್ತಿದ್ದರು. ಎಂಬತ್ತು ದಾಟಿದ ನಿಯಾಪಾವ್ ಕೂಡ ಜರಿಯ ನಿಲುವಂಗಿಯ ಒಳಜೇಬಿನಲ್ಲಿ ತಮ್ಮ ಕಾಗದಪತ್ರ ಇಟ್ಟುಕೊಂಡೇ ಬಂದಿದ್ದರು. ಬರಬೇಡಿ ಎಂದರೆ, "ದಾರಿ ಹೇಳೋನೇ ಮನೇಲಿ ಕೂತ್ರೆ ಹೋಗೋರು ಯಾರನ್ನ ಕೇಳ್ತಾರೆ?" ಎಂದು ಗದರಿದ್ದರು.

"ಫ್ರೆಸ್ನೋದಲ್ಲಿ ಎರಡು ಮನೆ ಇತ್ತಲ್ಲೇ," ಎಂದಳು ಯೇರ್ ಅತ್ತೆ. ಅಪ್ಪನ ತಂಗಿ, ವಿಸ್ಕಾನ್ಸಿನ್‌ನಲ್ಲಿ ಸೌತೆಕಾಯಿ ಬೆಳೆಯುತ್ತಾಳೆ, ಗಂಟಲು ಮಾತ್ರ ಊರಿಗೆಲ್ಲ ಸಾಲುತ್ತದೆ.

"ಎರಡೂ ಬರ್ದಿದೀನಿ ಅತ್ತೆ. ತಾತ, ಒಂದು ಬಿಟ್ಟೋಯ್ತು ನೋಡಿ! ಹೋದ ಬೇಸಿಗೇಲಿ ಐದು ವಾರ ಅತ್ತೆ ಮನೇಲಿದ್ಲು. ಅದೂ ಲೆಕ್ಕಕ್ಕೆ ಬರುತ್ತಾ?"

ಯೇರ್ ಅತ್ತೆ ಅಳುವುದನ್ನೂ ಮರೆತು ಕಣ್ಣರಳಿಸಿದಳು.

"ನಮ್ಮನೇಲಾ? ಯಾರೇ? ನಮ್ಮತ್ತಿಗೆನಾ? ನಮ್ಮನೆ ಮೆಟ್ಲು ಹತ್ತಿ ಎರಡು ವರ್ಷ ಆಯ್ತು ಕಣೇ!"

* * *

ಬ್ಲಿಯಾ ಎಂದರೆ ಹೆದರುಪುಕ್ಕಲಿ ಎಂದು ಮನೆಯವರಿಗೆಲ್ಲ ಗೊತ್ತಿತ್ತು. ಶನಿವಾರ ಶನಿವಾರ ಹಳೇ ವ್ಯಾನಿನಲ್ಲಿ ಹಾಗಲಕಾಯಿ, ಸಾಸಿವೆ ಸೊಪ್ಪು, ನಿಂಬೆಹುಲ್ಲು ತುಂಬಿಕೊಂಡು ಸಂತೆಗೆ ಹೋಗಿಬರುತ್ತಿದ್ದಳು. ಮೂವತ್ತು ವರ್ಷ ಓಡಿಸಿದರೂ ಗಾಡಿಯನ್ನು ಎಡಕ್ಕೆ ತಿರುಗಿಸಿದವಳಲ್ಲ. ರಸ್ತೆಯ ಬಲಬದಿಯಲ್ಲೇ ಓಡಿಸುವ ಆ ದೇಶದಲ್ಲಿ ಎಡಕ್ಕೆ ತಿರುಗಿದರೆ ಎದುರಿನಿಂದ ಬರುವವರು ಗುದ್ದಿಬಿಡುತ್ತಾರೆ ಎಂಬ ಭಯ. ಎಡಕ್ಕೆ ಹೋಗಬೇಕಾದರೆ ಮೂರು ಸಲ ಬಲಕ್ಕೆ ತಿರುಗಿ ಸುತ್ತು ಹಾಕುತ್ತಿದ್ದಳು. ಮಕ್ಕಳು ನಕ್ಕರೆ, "ನಗ್ರಿ ನಗ್ರಿ. ತಲುಪಿದೀನೋ ಇಲ್ವೋ?" ಎನ್ನುತ್ತಿದ್ದಳು.

ಜೂನ್ ತಿಂಗಳಲ್ಲಿ ಕಜುವಾಳ ಅಣ್ಣ ಚುಫೆಂಗ್ ವರ್ಷವರ್ಷದ ಹಾಗೆ ವಲಸೆ ಕಚೇರಿಗೆ ರುಜು ಹಾಕಲು ಹೋದವನು ಹೊರಗೆ ಬರಲಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಗೆಳೆಯರ ಜೊತೆ ಸೇರಿ ಕಾರು ಕದ್ದಿದ್ದ. ಅದಕ್ಕೆ ಜೈಲುವಾಸವನ್ನೂ ಅನುಭವಿಸಿದ್ದ. ಇಪ್ಪತ್ತೆರಡು ವರ್ಷ ಹಳೆಯ ಆ ಕೇಸು ಈಗ ಎದ್ದು ಕೂತಿತ್ತು. ಅವನು ಹುಟ್ಟಿದ್ದು ಥಾಯ್ಲೆಂಡಿನ ಶಿಬಿರದಲ್ಲಿ, ಬೆಳೆದದ್ದು ಇಲ್ಲಿ. ಕಳಿಸುತ್ತೇವೆ ಎಂದದ್ದು ಮಾತ್ರ ಒಮ್ಮೆಯೂ ಕಾಲಿಡದ ಲಾವೋಸಿಗೆ.

ಕಜುವಾ ಅಮ್ಮನಿಗೆ ಅಪ್ಪಣೆಯನ್ನೇ ಮಾಡಿದಳು. "ನಾನು ಇಲ್ಲೇ ಹುಟ್ಟಿದೋಳು, ನಾನು ಓಡಾಡ್ತೀನಿ. ನೀನು ಆ ಕಡೆ ತಲೆ ಹಾಕ್ಬೇಡ. ನಿನ್ನನ್ನೂ ಹಿಡಿದಿಟ್ಕೊಂಡ್ರೆ ನಾನೇನ್ಮಾಡ್ಲಿ?"

"ಆಯ್ತು. ಹಂಗಾದ್ರೆ ನಾಲ್ಕು ದಿನ ಯೇರ್ ಮನೆಗಾದ್ರೂ ಹೋಗಿರ್ತೀನಿ. ಸೌತೆಕಾಯಿ ಕೀಳೋಕೆ ಕೈ ಬೇಕಂತೆ," ಎಂದಳು ಬ್ಲಿಯಾ. ಅನ್ನದ ಪಾತ್ರೆ, ಚಿಕ್ಕ ಒಲೆ, ಬೀಜದ ಡಬ್ಬಿ ವ್ಯಾನಿಗೆ ಹಾಕಿಕೊಂಡಳು. ಸೌತೆಕಾಯಿ ಕೀಳಲು ಒಲೆ ಯಾಕೆ ಎಂದು ಕಜುವಾ ಕೇಳಲಿಲ್ಲ. ದಿನಾ ಸಂಜೆ ಫೋನ್ ಮಾಡುತ್ತಿದ್ದಳು. "ಹೂಂ, ಚೆನ್ನಾಗಿದೀನಿ. ಯೇರ್ ವಟಗುಟ್ತಾನೇ ಇದಾಳೆ. ಇಡ್ತೀನಿ," ಎನ್ನುತ್ತಿದ್ದಳು ಅಮ್ಮ.

* * *

"ವಟಗುಟ್ತಾಳೆ ಅಂದ್ಲಾ?" ಯೇರ್ ಅತ್ತೆ ಶವಪೆಟ್ಟಿಗೆಯ ಕಡೆ ತಿರುಗಿ ಸೊಂಟಕ್ಕೆ ಕೈಯಿಟ್ಟಳು. "ಅತ್ತಿಗೆ, ಸುಳ್ಳು ಹೇಳೋದಾದ್ರೂ ನನ್ನ ಮರ್ಯಾದೆ ಉಳಿಸಿ ಹೇಳ್ಬಾರ್ದಿತ್ತಾ? ಎಲ್ಲೋಗಿದ್ಯೇ?"

ಜನ ನಕ್ಕರು. ನಗುತ್ತಿದ್ದಂತೆಯೇ ಯೇರ್ ಅತ್ತೆ ಬಿಕ್ಕಿ ಅತ್ತಳು.

ಕಜುವಾ ಪೆಟ್ಟಿಗೆಯ ಬಳಿಯ ಕುರ್ಚಿಗೆ ಒರಗಿಸಿಟ್ಟಿದ್ದ ಫೋನನ್ನು ಎತ್ತಿಕೊಂಡಳು. ಇಲ್ಲಿ ಬೆಳಗಿನ ಎಂಟು ಗಂಟೆ. ಅಲ್ಲಿ ಪಾಲೋಂಗ್‌ನಲ್ಲಿ ಕತ್ತಲು. ಲಾವೋಸಿಗೆ ಗಡಿಪಾರಾಗಿ, ಮಗನಾಗಿಯೂ ಅಮ್ಮನ ತಲೆಯ ಬಳಿ ಕೂರಲಾರದ ಚುಫೆಂಗ್ ಎರಡು ದಿನ ಬಸ್ಸು ಹಿಡಿದು, ಒಂದು ಹಗಲು ನಡೆದು, ಅಮ್ಮ ಹುಟ್ಟಿದ ಜಾಗಕ್ಕೆ ಹೋಗಿ ನಿಂತಿದ್ದ. ಕರೆ ಸಿಕ್ಕಿತು. ಕಪ್ಪು ಪರದೆಯಲ್ಲಿ ಜೀರುಂಡೆಯ ಸದ್ದು ಮೊದಲು ಬಂತು, ಆಮೇಲೆ ಅವನ ದನಿ.

"ಅಮ್ಮ ಬಂದ್ಲಾ? ಎಲ್ಲಿವರೆಗೆ ಬಂದ್ಲು?"

"ಬರ್ತಿಲ್ಲ ಅಣ್ಣ. ಮನೆ ಮುಂದೇನೇ ನಿಂತಿದಾಳೆ. ಹೋದ ಬೇಸಿಗೇಲಿ ಎಲ್ಲಿದ್ಲು ಗೊತ್ತಾ ನಿಂಗೆ?"



"ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ಲು ಕಣೇ."

"ಆಣೆ ಹಾಕಿಸ್ಕೊಂಡೋಳೇ ಈಗ ಹೇಳು ಅಂತ ನಿಂತಿದಾಳೆ," ಎಂದರು ನಿಯಾಪಾವ್ ಫೋನಿನತ್ತ ಬಾಗಿ. "ಹೇಳಪ್ಪ."

* * *

ಅವನನ್ನು ಕೂಡಿಹಾಕಿದ್ದ ಊರು ಹೆದ್ದಾರಿಯಲ್ಲಿ ಎರಡು ತಾಸಿನ ದೂರ. ಬ್ಲಿಯಾ ಹೆದ್ದಾರಿಗೆ ಹೋಗದೆ, ಜೋಳದ ಹೊಲಗಳ ನಡುವೆ ಬಲಕ್ಕೇ ತಿರುಗಿ ತಿರುಗಿ ಏಳು ತಾಸಿಗೆ ತಲುಪಿದಳು. ಬಂದೀಖಾನೆಯ ಎದುರಿಗೆ ರಸ್ತೆಯಾಚೆ ಮುಚ್ಚಿಹೋದ ಒಂದು ಅಂಗಡಿ, ಅದರ ಮುಂದೆ ಗಾಡಿ ನಿಲ್ಲಿಸುವ ಬಯಲು. ಅಲ್ಲಿ ವ್ಯಾನು ನಿಲ್ಲಿಸಿದಳು. ಒಳಗಿನಿಂದ ಫೋನ್ ಬಂದಾಗ ಮಗನಿಗೆ ಒಂದೇ ಮಾತು ಹೇಳಿದಳು: "ಒಂಬತ್ತು ಗಂಟೆಗೆ ರಸ್ತೆ ಕಡೆ ಕಿಟಕಿ ಇದ್ರೆ ನೋಡು."

ಅಂಗೈಯಗಲದ ಕಿಟಕಿಯೊಂದಿತ್ತು. ಒಂಬತ್ತಕ್ಕೆ ನೋಡಿದ. ಬಯಲಿನಲ್ಲಿ ವ್ಯಾನಿನ ದೀಪ ಮೂರು ಸಲ ಹತ್ತಿ ಆರಿತು. ಮಾರನೆಯ ದಿನ ಫೋನಿನಲ್ಲಿ ಏನಮ್ಮಾ ಅದು ಎಂದು ಕೇಳಿದ. "ಇನ್ನೇನು? ಊಟ ಆಯ್ತಾ ಅಂತ," ಎಂದಳು. ಅವನಿಗೆ ಉತ್ತರ ಕೊಡಲು ಒಳಗೆ ದೀಪವಿರಲಿಲ್ಲ.

ಅಂಗಡಿಯ ಹಿಂದಿನ ಕೊಳಾಯಿಯಿಂದ ನೀರು ಹಿಡಿಯುತ್ತಿದ್ದಳು. ಆಯ್ದ ಪುಳ್ಳೆಯಿಂದ ಅನ್ನ ಬೇಯಿಸುತ್ತಿದ್ದಳು. ಚರಂಡಿಯ ಅಂಚಿನಲ್ಲಿ ಮಣ್ಣು ಕೆದಕಿ ಸಾಸಿವೆ ಎರಚಿದಳು. ಮೂರನೆಯ ವಾರಕ್ಕೆ ಸೊಪ್ಪು ಬಂತು. ದಿನಕ್ಕೆ ಎರಡು ಸಲ ಕಾವಲುಗಾರನೊಬ್ಬ ಬಂದು ಇಣುಕಿ ಹೋಗುತ್ತಿದ್ದ. ಅವನಿಗೂ ಒಂದು ಕಟ್ಟು ಸೊಪ್ಪು ಕೊಟ್ಟಳಂತೆ. ಮೂವತ್ಮೂರನೆಯ ದಿನ ಚುಫೆಂಗ್‌ನನ್ನು ಹಿಂದಿನ ಬಾಗಿಲಿನಿಂದ ಕರೆದೊಯ್ದು ವಿಮಾನ ಹತ್ತಿಸಿದರು. ಅಮ್ಮನಿಗೆ ಯಾರೂ ಹೇಳಲಿಲ್ಲ. ಆರು ದಿನದ ಮೇಲೆ ಅವನು ಲಾವೋಸಿನ ರಾಜಧಾನಿ ವಿಯೆಂಟಿಯಾನ್‌ನಿಂದ ಯಾರದೋ ಫೋನು ಬೇಡಿ ಕರೆ ಮಾಡಿದಾಗಲೂ ಅವಳು ಆ ಬಯಲಿನಲ್ಲೇ ಇದ್ದಳು.

"ಹೊರಟುಹೋದ್ಯಾ? ನಾನು ದಿನಾ ದೀಪ ಹಾಕ್ತಾನೇ ಇದ್ನಲ್ಲೋ," ಎಂದಳಂತೆ. ಅಷ್ಟೇ ಹೇಳಿದ್ದು.

* * *

ಸಭಾಂಗಣದಲ್ಲಿ ಕಜುವಾ ಪೆಟ್ಟಿಗೆಯೊಳಗಿನ ಆ ಪುಟ್ಟ ಮುಖವನ್ನೇ ನೋಡಿದಳು. ಜಾಣೆ ತಾನು, ಅಮ್ಮನನ್ನು ಕಾಯುತ್ತಿರುವವಳು ತಾನು ಎಂದುಕೊಂಡಿದ್ದಳು. ಎಡಕ್ಕೆ ತಿರುಗಲು ಹೆದರುವ ಈ ಮುದುಕಿ, ಕಾಗದ ಓದಲು ಬಾರದ ಈ ಮುದುಕಿ, ಅಷ್ಟು ದೊಡ್ಡ ಗೋಡೆಯ ಮುಂದೆ ಒಬ್ಬಳೇ ಹೋಗಿ ಒಲೆ ಹೂಡಿದ್ದಳು. ತನ್ನಮ್ಮನನ್ನು ತಾನು ಇವತ್ತೇ ಮೊದಲ ಸಲ ನೋಡುತ್ತಿದ್ದೇನೆ ಅನ್ನಿಸಿತು. ನಾಚಿಕೆಯೂ ಆಯಿತು.

"ತಾತ, ಅದು ಊರಲ್ಲ, ಮನೆಯಲ್ಲ. ಬರೀ ಬಯಲು. ಅದಕ್ಕೂ ಋಣ ಹೇಳ್ಬಹುದಾ?"

ಮುದುಕರು ಬೆರಳು ಮಡಿಸಿದರು. "ನೀರು ಕುಡಿದ್ಲಾ?"

"ಕುಡಿದ್ಲು."

"ಒಲೆ ಹಚ್ಚಿದ್ಲಾ?"

"ಹಚ್ಚಿದ್ಲು."

"ಬೀಜ ಹಾಕಿ, ಬೆಳೆದು, ಪಕ್ಕದೋನಿಗೆ ಕೊಟ್ಟೂ ಬಂದ್ಲು. ಇನ್ನೇನಮ್ಮ ಬೇಕು ಊರು ಅನ್ನೋಕೆ? ನಾವು ಬೆಟ್ಟದಲ್ಲಿ ಇದಕ್ಕಿಂತ ಕಡಿಮೇಲಿ ಊರು ಕಟ್ಟಿದೀವಿ." ಅವರು ನಿಲುವಂಗಿ ಸರಿಮಾಡಿಕೊಂಡು ಮತ್ತೆ ಪೆಟ್ಟಿಗೆಯ ಮುಂದೆ ಕೂತರು. ಐವತ್ತು ವರ್ಷದಿಂದ ದಾರಿ ಹೇಳುತ್ತ ಬಂದವರು. ಇಂಥ ಊರಿಗೆ ಹಾಡು ಕಟ್ಟಿದ್ದು ಅದೇ ಮೊದಲು.

"ಬ್ಲಿಯಾ, ಏಳು. ಗೋಡೆಯ ಎದುರಿನ ಬಯಲಿಗೆ ನಡೆ. ಬಯಲಿನ ಒಡೆಯನೇ, ಹೆಸರು ಗೊತ್ತಿಲ್ಲದ ಒಡೆಯನೇ, ಮೂವತ್ತೊಂಬತ್ತು ದಿನ ನಿನ್ನ ನೀರು ಕುಡಿದಳು. ನಿನ್ನ ಪುಳ್ಳೆ ಉರಿಸಿದಳು. ನಿನ್ನ ಚರಂಡಿಯಲ್ಲಿ ಹಸಿರು ಎಬ್ಬಿಸಿದಳು. ಮಗನಿಗೆ ದೀಪ ತೋರುವಷ್ಟು ಜಾಗ ಕೊಟ್ಟೆ. ಇನ್ನು ಅವಳನ್ನು ಬಿಟ್ಟುಕೊಡು."

ಬಿದಿರು ಎಸೆದರು. ಒಂದು ಬೋರಲು ಬಿತ್ತು. ಇನ್ನೊಂದು ಅಂಚಿನ ಮೇಲೆ ಉರುಳಿ ಉರುಳಿ ಹೋಗಿ, ಅಂಗಾತ ಮಲಗಿತು.

ಅರವತ್ತು ಜನರ ಉಸಿರು ಒಟ್ಟಿಗೆ ಹೊರಬಂತು. ಬಾಗಿಲಲ್ಲಿ ನಿಂತಿದ್ದ ಅಳಿಯಂದಿರು ಬೀದಿಗೆ ಬೆನ್ನು ಹಾಕಿ ಒಳಗೆ ತಿರುಗಿದ್ದರು. ಯಾರೂ ಅವರನ್ನು ಬೈಯಲಿಲ್ಲ.

ಅಲ್ಲಿಂದ ಮುಂದೆ ಬ್ಲಿಯಾ ಎಲ್ಲೂ ನಿಲ್ಲಲಿಲ್ಲ. ಬಾಡಿಗೆ ಮನೆಗೆ ಕೈಮುಗಿದಳು, ಫ್ರೆಸ್ನೋದ ಬಿಸಿಲಿಗೆ ಮುಗಿದಳು. ಶಿಬಿರದ ತಗಡಿನ ಸೂರಿಗೆ ಮುಗಿದಳು. ಬೆನ್ನಿಗೆ ಚೊಚ್ಚಲ ಮಗುವನ್ನು ಕಟ್ಟಿಕೊಂಡು ದಾಟಿ, ಅದನ್ನು ನೀರಿಗೆ ಬಿಟ್ಟುಕೊಟ್ಟು ಬಂದ ಮೆಕಾಂಗನ್ನು ಈಗ ಕೈಬೀಸಿಕೊಂಡು ವಾಪಸು ದಾಟಿದಳು. ಒಂದೊಂದು ಊರಿಗೂ ಬಿದಿರು ಮೊದಲ ಎಸೆತಕ್ಕೇ ಒಪ್ಪಿತು. ಯೇರ್ ಅತ್ತೆ ಕಜುವಾಳ ಕೈ ಹಿಡಿದು ಪಿಸುಗುಟ್ಟಿದಳು.

"ಅವನನ್ನ ದೂರ ಅಟ್ಟಿದ್ರು ಅಂತ ಎಷ್ಟು ಅಳ್ತಿದ್ದೆ ನಾನು. ನೋಡೇ, ಅಮ್ಮ ಹೋಗೋ ಊರಿಗೇ ಮುಂಚೆ ಹೋಗಿ ನಿಂತವ್ನೆ ಭೂಪ."

ಹತ್ತೂವರೆಯ ಹೊತ್ತಿಗೆ ನಿಯಾಪಾವ್ ದನಿ ತಗ್ಗಿಸಿದರು. "ಬ್ಲಿಯಾ, ಇದು ಪಾಲೋಂಗ್. ಇದು ನಿನ್ನಪ್ಪ ಅಮ್ಮ ಮಲಗುತ್ತಿದ್ದ ಜಾಗ. ಇಲ್ಲೇ ನಿನ್ನ ಮಾಸು."

ಕಜುವಾ ಫೋನನ್ನು ಪೆಟ್ಟಿಗೆಯ ಅಂಚಿಗೆ ಹಿಡಿದಳು. ಪರದೆಯಲ್ಲಿ ಮನೆ ಇರಲಿಲ್ಲ. ಕತ್ತಲಲ್ಲಿ ಕಾಡುಹುಲ್ಲು, ಒಲೆಯ ಮೂರು ಕಲ್ಲು ಮಾತ್ರ ಮಸುಕಾಗಿ ಕಾಣುತ್ತಿದ್ದವು. ಚುಫೆಂಗ್ ಆ ಕಲ್ಲುಗಳ ಪಕ್ಕದಲ್ಲಿ ಮಂಡಿಯೂರಿ ಕೂತಿದ್ದ. ಎಲೆಯ ಮೇಲೆ ಬಿಸಿ ಅನ್ನವಿಟ್ಟಿದ್ದ, ಹಬೆಯಾಡುತ್ತಿತ್ತು.

"ಅಣ್ಣ, ಬಂದ್ಲು," ಎಂದಳು ಕಜುವಾ.

ಚುಫೆಂಗ್ ಬ್ಯಾಟರಿ ದೀಪ ಎತ್ತಿ ಹಿಡಿದ. ಹತ್ತಿಸಿ ಆರಿಸಿದ, ಹತ್ತಿಸಿ ಆರಿಸಿದ, ಮತ್ತೊಮ್ಮೆ ಹತ್ತಿಸಿ ಆರಿಸಿದ. ದಾರಿಗೆಂದು ಅಮ್ಮನ ಕಾಲಿಗೆ ತೊಡಿಸಿದ್ದ ಸೆಣಬಿನ ಚಪ್ಪಲಿಗಳ ಮೇಲೆ, ಫೋನಿನಿಂದ ಬಂದ ಆ ಬೆಳಕು ಮೂರು ಸಲ ಬಿತ್ತು.