ಬೆಕ್ಕಿನ ಉಗುರಿಗೂ ಶಾಸ್ತ್ರ

ಸೊಸೆ ಬಸುರಿದ್ದಾಗ ಮಗ ಗಡ್ಡ ತೆಗೆಸಬಾರದು, ಉಗುರು ಕತ್ತರಿಸಬಾರದು ಎಂಬ ಶಾಸ್ತ್ರವನ್ನು ಮುದಗಲ್ಲಿನ ಪಾರ್ವತೆಮ್ಮ ಮನೆಯ ಬೆಕ್ಕಿನವರೆಗೂ ಎಳೆದಿದ್ದಳು. ಅದೂ ಈ ಮನೆಯ ಉಪ್ಪು ತಿನ್ನುವ ಗಂಡೇ ಅಲ್ಲವೇ ಎಂಬುದು ಅವಳ ವಾದ.

ಸೊಸೆ ಕಸ್ತೂರೆಮ್ಮಳಿಗೆ ಮೊದಲು ನಗು ಬಂದಿತ್ತು. ಈಗ ಮೈಯೆಲ್ಲ ಉರಿಯುತ್ತಿತ್ತು. ಒಂದು ಕಾಲಕ್ಕೆ ಮನೆಯವರ ಜೋಳದ ಅಂಗಡಿಯ ಗೋಣಿಚೀಲ ಕೆರೆದು ಕೆರೆದು ತಾನೇ ಉಗುರು ಸವೆಸಿಕೊಳ್ಳುತ್ತಿದ್ದ ಬೆಕ್ಕು, ಜೋಳಕ್ಕೆ ಒಂದು ಇಲಿಯನ್ನೂ ಬಿಡುತ್ತಿರಲಿಲ್ಲ. ಈಗ ಮುದಿಯಾಗಿ ಮೂಲೆ ಹಿಡಿದಿತ್ತು. ಉಗುರು ದಪ್ಪಗಾಗಿ, ಕೊಕ್ಕೆಯ ಹಾಗೆ ಬಾಗಿ ಅಂಗಾಲಿನತ್ತ ತಿರುಗಿತ್ತು. ಇಂಥದ್ದನ್ನು ಹೇಗೆ ಕತ್ತರಿಸಬೇಕೆಂದು ಕಸ್ತೂರೆಮ್ಮ ತವರೂರು ಪಾಮನಕಲ್ಲೂರಿನಲ್ಲಿ ತಾಯಿಯಿಂದ ಕಲಿತಿದ್ದಳು. ಆದರೆ ಕತ್ತರಿ ಎತ್ತಿಕೊಂಡಾಗಲೆಲ್ಲ ಅತ್ತೆ ಕಸಿದುಕೊಂಡು, ಹೊಟ್ಟೆಯ ಕೂಸಿಗೆ ಏನಾದರೂ ಆದರೆ ಯಾರು ಹೊಣೆ ಎನ್ನುತ್ತಿದ್ದಳು. ಆ ಮಾತಿಗೆ ಯಾವ ಬಸುರಿ ಎದುರಾಡಿಯಾಳು? ಗಂಡ ಅಮರಗುಂಡಪ್ಪನಿಗೆ ಹೇಳಿದರೆ, ಅವನು ಬೆಳೆದ ಗಡ್ಡ ಕೆರೆದುಕೊಳ್ಳುತ್ತ ಅವ್ವನ ಮಾತು ಮೀರಬಾರದು ಎಂದ.

ಆಮೇಲೊಂದು ದಿನ ತಹಸೀಲಿನ ಕೆಲಸಕ್ಕೆಂದು ಲಿಂಗಸುಗೂರಿಗೆ ಹೋದ ಅಮರಗುಂಡಪ್ಪ ಮಧ್ಯಾಹ್ನದ ಬಸ್ಸಿಗೆ ಗಡ್ಡ ನುಣ್ಣಗೆ ಬೋಳಿಸಿಕೊಂಡು ಬಂದ. ಪಾರ್ವತೆಮ್ಮ ಒಂದು ಗಳಿಗೆ ಮಗನ ಮುಖ ನೋಡಿದಳು. ನಾಲ್ಕು ಮಂದಿಯಲ್ಲಿ ತಿರುಗುವ ಗಂಡಸು, ದೇವರಿಗೆ ಅಷ್ಟು ತಿಳಿಯುವುದಿಲ್ಲವೇ ಎಂದುಬಿಟ್ಟಳು.

ಅದೇ ಹೊತ್ತಿಗೆ ಬೆಕ್ಕು ಕುಂಟುತ್ತ ಅಂಗಳಕ್ಕೆ ಬಂತು. ಕಸ್ತೂರೆಮ್ಮ ಅದರ ಕಾಲೆತ್ತಿ ನೋಡಿದಳು. ಉಗುರಿನ ತುದಿ ಅಂಗಾಲಿನೊಳಗೆ ನಾಟಿ ಕೀವು ತುಂಬಿತ್ತು. ಮಗನ ಗಡ್ಡವನ್ನು ಮನ್ನಿಸುವ ದೇವರು ಮೂಕಪ್ರಾಣಿಯ ಕಾಲಿಗೆ ಮಾತ್ರ ಕಣ್ಣು ಮುಚ್ಚುತ್ತಾನೆಯೇ? ಎಂಥ ಶಾಸ್ತ್ರವೋ, ಯಾರ ಶಾಸ್ತ್ರವೋ! ಅವಳು ಕತ್ತರಿ ತಂದು ಬಿಸಿಲಿಗೆ ಕೂತು, ಬೆಕ್ಕನ್ನು ಹಿಡಿದುಕೊಳ್ಳಲು ಗಂಡನನ್ನು ಕರೆದಳು. ಅವನು ತಾಯಿಯ ಮುಖ ನೋಡಿದ.

“ಅವ್ವನ್ನ ಯಾಕ ನೋಡ್ತೀರಿ? ಹಜಾಮನ ಮುಂದ ಕುಂದ್ರುವಾಗ ಅವ್ವನ್ನ ಕೇಳಿದ್ರೇನು?”

ಅಮರಗುಂಡಪ್ಪ ಬಂದು ಬೆಕ್ಕನ್ನು ತೊಡೆಯ ಮೇಲೆ ಒತ್ತಿ ಹಿಡಿದ. ಕಸ್ತೂರೆಮ್ಮ ಬೆರಳು ಅದುಮಿ, ಉಗುರಿನೊಳಗಿನ ಕೆಂಪು ನರ ಬಿಟ್ಟು ಬಿಳಿಯ ಭಾಗವನ್ನಷ್ಟೇ ಕತ್ತರಿಸಿ, ನಾಟಿದ ತುದಿಯನ್ನು ಎಳೆದು ತೆಗೆದಳು. ಬೆಕ್ಕು ಚೀರಿತು.

“ಕೂಸಿಗೆ ಏನಾರ ಆದ್ರ?” ಎಂದಳು ಪಾರ್ವತೆಮ್ಮ.

“ಕೂಸಿನ ಹೆಸರು ಹೇಳಿ ಇಷ್ಟು ದಿನ ನನ್ನ ಬಾಯಿ ಮುಚ್ಚಿಸಿದ್ರಿ ಅತ್ತಿ. ಆ ಕೂಸು ಹೊತ್ತಾಕಿ ನಾನು. ನಿಂತು ನೋಡಬ್ಯಾಡ್ರಿ, ಬೆಚ್ಚನ ಉಪ್ಪುನೀರು ತರ್ರಿ.”

ಆ ಮನೆಗೆ ಬಂದ ಮೇಲೆ ಅವಳು ಅತ್ತೆಗೆ ಹೇಳಿದ ಮೊದಲ ಕೆಲಸ ಅದು. ಪಾರ್ವತೆಮ್ಮ ಒಲೆಯ ಕಡೆ ಹೋದಳು.