ತೆನೆ ಹಬ್ಬದ ಹಕ್ಕಿಕಾವಲು

ಉಪದೇಶಿ ಚೌರಪ್ಪನವರು ಓದಿದ ಪ್ರಕಟಣೆ ಹುಸಿಹೋದದ್ದಿಲ್ಲ ಎಂದು ಭದ್ರಾವತಿಯ ನ್ಯೂ ಟೌನಿನ ಕ್ರೈಸ್ತರು ಹೇಳುತ್ತಿದ್ದರು. ಭಾನುವಾರದ ಪೂಜೆಯಲ್ಲಿ ಪರಮಪ್ರಸಾದ ಮುಗಿದು ಜನ ಕುಳಿತ ಮೇಲೆ ಅವರು ಎದ್ದು ಬಂದು, ಕನ್ನಡಕ ಏರಿಸಿ, ನಾಲ್ಕಾಗಿ ಮಡಿಚಿದ ಹಾಳೆಯನ್ನು ಬಿಡಿಸುವರು. ಯಾರ ಮದುವೆ ಗೊತ್ತಾಗಿದೆ, ಈ ವಾರ ಚರ್ಚು ಗುಡಿಸುವ ಸರದಿ ಯಾವ ಬೀದಿಯದು, ಶಿವಮೊಗ್ಗದ ಬಿಷಪ್ ಹೌಸಿನಿಂದ ಬಂದ ಸುದ್ದಿಯೇನು, ಬರುವ ತಿಂಗಳು ಬಿಷಪರ ಆಡಳಿತದ ಧರ್ಮಕ್ಷೇತ್ರದಲ್ಲಿ ಏನೇನು ನಡೆಯಲಿದೆ, ಎಲ್ಲವನ್ನೂ ಒಂದೇ ಹದದ ದನಿಯಲ್ಲಿ ಓದಿ ಮುಗಿಸುವರು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕ್ರೇನ್ ನಡೆಸಿದ ಮನುಷ್ಯ. ಕೆಂಪಗೆ ಕಾದ ಕಬ್ಬಿಣವನ್ನು ಎತ್ತುವ ಮೊದಲೇ ಅದನ್ನು ಎಲ್ಲಿ ಇಳಿಸಬೇಕೆಂದು ನೋಡಿಕೊಳ್ಳುವ ಅಭ್ಯಾಸ ಅವರ ಮಾತಿಗೂ ಅಂಟಿಕೊಂಡಿತ್ತು.

ಆ ವರ್ಷ ಆಗಸ್ಟ್ ತಿಂಗಳ ಮೂರನೆಯ ಭಾನುವಾರ ಅವರು ಓದಿದ್ದು ಇಷ್ಟು: "ಸೆಪ್ಟೆಂಬರ್ ಎಂಟರಂದು ಮಾತೆ ಮರಿಯಮ್ಮನವರ ಜನ್ಮದಿನ, ತೆನೆ ಹಬ್ಬ. ಈ ಸಲ ಹಬ್ಬದ ಪೂಜೆಗೆ ಬಿಷಪರು ದಯಮಾಡಿಸುತ್ತಾರೆ. ಎಂದಿನಂತೆ ನಮ್ಮ ಹೊಲಗಳ ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೂ ಕೊಡಲಾಗುವುದು."

ತೆನೆಯನ್ನು ಮನೆಗೆ ಒಯ್ದು, ನಾಲ್ಕು ಕಾಳು ಸುಲಿದು ಪಾಯಸಕ್ಕೆ ಹಾಕಿ, ಮನೆಮಂದಿಯೆಲ್ಲ ಕೂಡಿ ಉಣ್ಣುವುದು ಕರಾವಳಿಯ ಪದ್ಧತಿ. ಕಾರ್ಖಾನೆಯ ಕೆಲಸ ಹುಡುಕಿಕೊಂಡು ಘಟ್ಟ ಹತ್ತಿದವರು ಅದನ್ನು ಇಲ್ಲಿಗೆ ತಂದರು. ಅವರ ಪಕ್ಕದ ಕ್ವಾರ್ಟರ್ಸಿನಲ್ಲಿದ್ದ ತಮಿಳರೂ ತೆಲುಗರೂ ಚೌರಪ್ಪನವರಂಥ ಬಯಲುಸೀಮೆಯವರೂ ಕ್ರಮೇಣ ಅದನ್ನು ತಮ್ಮದಾಗಿಸಿಕೊಂಡರು. ತೊಡಕು ಒಂದೇ. ಕರಾವಳಿಯಲ್ಲಿ ಮಳೆ ಹಿಡಿದೊಡನೆ ನೆಟ್ಟ ಪೈರು ಸೆಪ್ಟೆಂಬರಿಗೆ ತಲೆ ಬಾಗಿಸುತ್ತದೆ. ಭದ್ರೆಯ ಸೀಮೆಯಲ್ಲಿ ನಾಲೆಗೆ ನೀರು ಬಿಟ್ಟ ಮೇಲೆ ನಾಟಿ. ಸೆಪ್ಟೆಂಬರ್ ಎಂಟಕ್ಕೆ ಇಲ್ಲಿನ ಗದ್ದೆಗಳಲ್ಲಿ ತೆನೆಯ ಸುಳಿವೇ ಇರುವುದಿಲ್ಲ. ಹಾಗಿದ್ದೂ ಇಪ್ಪತ್ತೆರಡು ವರ್ಷ ನ್ಯೂ ಟೌನಿನ ಪೀಠದ ಮುಂದೆ ಹೊಸ ತೆನೆಯ ಹೊರೆ ತಪ್ಪದೆ ಬಂದು ಕೂತಿತ್ತು. ಎಲ್ಲಿಂದ ಬಂತೆಂದು ಯಾರೂ ಕೇಳಿರಲಿಲ್ಲ. ಚೌರಪ್ಪನವರು ತರುತ್ತಾರೆ, ಅಷ್ಟೇ.

ಅವರು ತರುತ್ತಿದ್ದುದು ಹೊಳೆಹೊನ್ನೂರಿನ ಚೌಡಯ್ಯನ ಗದ್ದೆಯಿಂದ. ಚೌಡಯ್ಯ ಕೆಲವು ವರ್ಷ ಕಾರ್ಖಾನೆಯಲ್ಲಿ ಕಂಟ್ರಾಕ್ಟ್ ಕೆಲಸ ಮಾಡಿದ್ದ. ಕರಾವಳಿಯಿಂದ ಬಸ್ಸಿನಲ್ಲಿ ತರಿಸಿದ ತೆನೆ ಬಾಡಿ ಬಂದಿತೆಂದು ಒಂದು ದಿನ ಕ್ಯಾಂಟೀನಿನಲ್ಲಿ ಚೌರಪ್ಪನವರು ಪೇಚಾಡಿದಾಗ, "ಇದಕ್ಯಾಕೆ ಮಂಗಳೂರಿಗೆ ಹೋಗ್ತೀರಿ ಮಾರಾಯ್ರೇ? ನಮ್ಮ ಬಾವಿ ಪಕ್ಕದಲ್ಲಿ ಒಂದು ಮಡಿ ಮುಂಚೆ ನಾಟಿ ಮಾಡ್ತೀನಿ, ಬಿಡಿ" ಎಂದಿದ್ದ. ಹೇಳಿದಂತೆ ಮಾಡಿದ. ಪ್ರತಿಫಲ ಕೇಳಲಿಲ್ಲ, ಹೆಸರು ಹೇಳಬೇಡಿ ಎಂದ. ಹಬ್ಬದ ದಿನ ಬಾಗಿಲ ಬಳಿ ನಿಂತು ಒಂದು ಮೊಂಬತ್ತಿ ಹಚ್ಚಿ ಹೋಗುತ್ತಿದ್ದ.

ಆ ವರ್ಷ ಏಪ್ರಿಲಿನಲ್ಲಿ ಚೌಡಯ್ಯ ತೀರಿಕೊಂಡ. ಚೌರಪ್ಪನವರು ಮಣ್ಣಿಗೆ ಹೋಗಿ ಬಂದರು, ತಿಥಿಗೂ ಹೋಗಿ ಬಂದರು. ಬಾವಿ ಪಕ್ಕದ ಮಡಿಯ ನೆನಪು ಮಾತ್ರ ಬರಲಿಲ್ಲ. ಎತ್ತುವ ಮೊದಲು ಇಳಿಸುವ ಜಾಗ ನೋಡದೆ ಹೋದದ್ದು ಅದೊಂದೇ ಸಲ.

ಪ್ರಕಟಣೆ ಓದಿದ ಮರುದಿನ ಬಸ್ಸು ಹತ್ತಿ ಹೊಳೆಹೊನ್ನೂರಿಗೆ ಹೋದರೆ, ಬಾವಿ ಪಕ್ಕದ ಮಡಿಯೂ ಸುತ್ತಲಿನ ಗದ್ದೆಗಳೂ ಒಂದೇ ಬಣ್ಣ. ಆಗಷ್ಟೇ ನೆಟ್ಟ ಪೈರು ನೀರಿನಲ್ಲಿ ಗೇಣುದ್ದ ನಿಂತಿತ್ತು. ಚೌಡಯ್ಯನ ಮಗ ಮಲ್ಲೇಶ್ ಬದುವಿನ ಮೇಲೆ ಗೊಬ್ಬರದ ಚೀಲ ಇಳಿಸುತ್ತಿದ್ದವನು ಅವರನ್ನು ಕಂಡು ಕೈ ಒರೆಸಿಕೊಂಡು ಬಂದ.

"ಬನ್ನಿ ಮಾವ. ತೆನೆಗೆ ಬಂದ್ರಾ?"

"ಹೌದಪ್ಪ. ಈ ಸಲ ಮುಂಚೆ ಹಾಕಿಲ್ವಾ?"

"ಇಲ್ಲ ಮಾವ. ಬೇಕಂತಲೇ ಹಾಕ್ಲಿಲ್ಲ. ಅವ್ವಂಗೆ ಆಗಲ್ಲ."

ಇದರಲ್ಲಿ ಚೌಡಯ್ಯನ ಹೆಂಡತಿ ದ್ಯಾಮಮ್ಮನಿಗೆ ಆಗದಿರುವುದೇನು ಎಂದು ಚೌರಪ್ಪನವರಿಗೆ ಹೊಳೆಯಲಿಲ್ಲ. ಮನೆಯ ಜಗಲಿಯ ಮೇಲೆ ನೆನೆಸಿದ ಅವರೆಕಾಳು ಹಿದುಕುತ್ತಿದ್ದ ದ್ಯಾಮಮ್ಮ, ಚೆಂಬಿನಲ್ಲಿ ನೀರು ಕೊಟ್ಟು, ಅವರು ಕುಡಿದು ಮುಗಿಸುವ ತನಕ ಕಾಳು ಹಿದುಕಿದರು. ಆಮೇಲೆ ಕೇಳಿದರು.

"ಅಣ್ಣ, ಊರೆಲ್ಲ ಹಸಿರಾಗಿದ್ದು ಒಂದೇ ಒಂದು ಮಡಿ ಹಾಲುದುಂಬಿ ನಿಂತ್ರೆ ಏನಾಗ್ತದೆ ಹೇಳಿ?"

"ಏನಾಗ್ತದೆ?"

"ಸೀಮೆ ಹಕ್ಕಿಯೆಲ್ಲ ಅಲ್ಲಿಗೇ ಬರ್ತಾವೆ. ಗಿಳಿ, ಗುಬ್ಬಿ, ಒಂದೊಂದು ಹಿಂಡಿಗೂ ನೂರು ನೂರು. ನಿಮ್ಮ ತೆನೆ ಹಾಲುದುಂಬಿದ ದಿನದಿಂದ ಕೊಯ್ಯೋ ತನಕ, ಬೆಳಕು ಹರಿಯೋಕೆ ಮುಂಚೆ ಹೋಗಿ ಕತ್ತಲಾಗೋ ತನಕ ಡಬ್ಬ ಬಡ್ಕೊಂಡು ಕೂತಿರಬೇಕು. ಹೆಚ್ಚುಕಮ್ಮಿ ಮೂರು ವಾರ. ಅವರು ನಾಟಿ ಮಾಡಿ ಕೈ ತೊಳ್ಕೊಂತಿದ್ರು. ಕೂತಿದ್ದು ನಾನು. ಇಪ್ಪತ್ತೆರಡು ವರ್ಷ."

"ಚೌಡಯ್ಯ ಒಂದು ಮಾತೂ ಹೇಳ್ಲಿಲ್ಲವಲ್ಲ, ತಂಗಿ."

"ಅವರು ನನ್ನೇ ಕೇಳಿರ್ಲಿಲ್ಲ, ನಿಮಗೇನು ಹೇಳ್ತಾರೆ? ಹೋಗ್ಲಿ ಬಿಡಿ, ದೇವರ ಕೆಲಸ ಅಂತ ಕೂತೆ. ಈಗ ಮಂಡಿ ಕೇಳಲ್ಲ." ದ್ಯಾಮಮ್ಮ ಮತ್ತೆ ಕಾಳಿಗೆ ಕೈ ಹಾಕಿದರು. "ನಿಮ್ಮ ಹಬ್ಬ ಹೆಂಗಿರ್ತದೆ ಅಂತ ನಾನು ನೋಡೇ ಇಲ್ಲ. ಯಾರೂ ಕರೀಲಿಲ್ಲ."

ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೌರಪ್ಪನವರಿಗೆ ಉತ್ತರ ಕೊಡಲು ಅನುಕೂಲವಾಗುತ್ತಿತ್ತು. ಪ್ರತಿವರ್ಷ ಹಬ್ಬದ ಕೊನೆಗೆ ಅವರು ಓದುತ್ತಿದ್ದ ವಂದನೆಯ ಪಟ್ಟಿ ಸಣ್ಣದೇನಲ್ಲ. ಹೂವು ಕೊಟ್ಟವರು, ಸೀರಿಯಲ್ ಲೈಟಿನವರು, ಗಾಯನ ಮಂಡಳಿ, ಅಡುಗೆಯವರು, ಕುರ್ಚಿ ಜೋಡಿಸಿದವರು ಎಲ್ಲರೂ ಅದರಲ್ಲಿದ್ದರು.

ಸಂಜೆ ಅವರು ಗುರುಗಳ ಮನೆಗೆ ಹೋಗಿ ನಡೆದದ್ದನ್ನು ಹೇಳಿದರು. ಫಾದರ್ ಇನ್ನಾಸಪ್ಪ ಆ ಚರ್ಚಿಗೆ ಬಂದು ಎರಡು ವರ್ಷವಾಗಿತ್ತು. ವಯಸ್ಸಿನಲ್ಲಿ ಚೌರಪ್ಪನವರ ಮಗನಷ್ಟು.

"ಅದಕ್ಕ್ಯಾಕೆ ಯೋಚನೆ ಉಪದೇಶಿಗಳೇ?" ಎಂದರು ಗುರುಗಳು. "ಕಾರ್ಕಳದ ಕಡೆ ನನ್ನ ಬ್ಯಾಚಿನೋರು ಒಬ್ಬರಿದ್ದಾರೆ. ಒಂದು ಫೋನ್ ಮಾಡಿದ್ರೆ ಹಿಂದಿನ ದಿನ ಬಸ್ಸಿಗೆ ಹಾಕಿಸ್ತಾರೆ. ಈಗೆಲ್ಲ ಐಸ್ ಬಾಕ್ಸ್ ಇದೆ, ಬಾಡಲ್ಲ. ನೀವು ಓದಿದ್ದು ಓದಿದಂಗೇ ನಡೀತದೆ."

"ನಮ್ಮ ಹೊಲಗಳ ಹೊಸ ತೆನೆ ಅಂತ ಓದಿಬಿಟ್ಟಿದೀನಿ, ಫಾದರ್."

"ತೆನೆ ಮೇಲೆ ಊರಿನ ಹೆಸರು ಬರೆದಿರುತ್ತಾ?" ಎಂದು ಗುರುಗಳು ನಕ್ಕರು. ಚೌರಪ್ಪನವರ ಮುಖ ನೋಡಿ ನಗುವನ್ನು ಅಲ್ಲಿಗೇ ನಿಲ್ಲಿಸಿ, "ನೀವೇ ಯೋಚನೆ ಮಾಡಿ. ನೀವು ಹೇಳಿದಂಗೆ ಮಾಡೋಣ. ಆದ್ರೆ ಬುಧವಾರದೊಳಗೆ ಶಿವಮೊಗ್ಗಕ್ಕೆ ತಿಳಿಸ್ಬೇಕು, ಧರ್ಮಕ್ಷೇತ್ರದ ಪತ್ರಿಕೆ ಪ್ರಿಂಟಿಗೆ ಹೋಗ್ತದೆ" ಎಂದರು.

ಬುಧವಾರ ಬೆಳಿಗ್ಗೆ ಚೌರಪ್ಪನವರು ಶಿವಮೊಗ್ಗದ ಬಸ್ಸು ಹತ್ತಿದಾಗ ಮನಸ್ಸು ಇನ್ನೂ ಎರಡಾಗಿಯೇ ಇತ್ತು. ಐಸ್ ಬಾಕ್ಸಿನ ತೆನೆ ಬಂದರೆ ಯಾರಿಗೂ ಗೊತ್ತಾಗುವುದಿಲ್ಲ. ಬಿಷಪರ ಮುಂದೆ ಊರಿನ ಮರ್ಯಾದೆ ಉಳಿಯುತ್ತದೆ, ಆಡಿದ ಮಾತು ಹುಸಿಹೋಗದ ಹೆಸರೂ ಉಳಿಯುತ್ತದೆ. ಎಪ್ಪತ್ತರ ಹತ್ತಿರ ಬಂದವನಿಗೆ ಆ ಹೆಸರನ್ನು ಬಿಟ್ಟರೆ ಬೇರೆ ಗಳಿಕೆ ಏನಿದೆ? ಮಲವಗೊಪ್ಪ ದಾಟುವ ತನಕ ಇದು ಸರಿಯೆಂದೇ ಕಂಡಿತು. ಅಲ್ಲಿಂದ ಮುಂದೆ ರಸ್ತೆಯ ಪಕ್ಕದ ಗದ್ದೆಗಳ ಮೇಲೆ ಒಂದು ಗಿಳಿಹಿಂಡು ಎಲ್ಲೂ ಇಳಿಯದೆ ಹಾರಿಹೋಯಿತು. ಇಳಿಯಲು ಅಲ್ಲಿ ಏನೂ ಇರಲಿಲ್ಲ. ಅವರು ಕಿಟಕಿಗೆ ಹಣೆ ಹಚ್ಚಿ ಅದು ಮರೆಯಾಗುವ ತನಕ ನೋಡಿದರು.

ಬಿಷಪ್ ಹೌಸಿನ ಪಕ್ಕದ ಕಚೇರಿಯಲ್ಲಿ ಧರ್ಮಕ್ಷೇತ್ರದ ಮಾಸಪತ್ರಿಕೆಯನ್ನು ನೋಡಿಕೊಳ್ಳುತ್ತಿದ್ದವರು ಸಿಸ್ಟರ್ ಫ್ಲೋರಿನ್. ಬರುವ ತಿಂಗಳ ಕಾರ್ಯಕ್ರಮಗಳ ಪುಟವನ್ನು ಅಚ್ಚಿಗೆ ಸಿದ್ಧಮಾಡಿ ಮೇಜಿನ ಮೇಲೆ ಹರಡಿದ್ದರು. ಯುವಜನರ ಶಿಬಿರ, ಬೈಬಲ್ ರಸಪ್ರಶ್ನೆ, ಗುರುಗಳ ಧ್ಯಾನಕೂಟ. ಅವುಗಳ ನಡುವೆ ಚೌರಪ್ಪನವರೇ ಬರೆದು ಕಳಿಸಿದ್ದ ಸಾಲು, 'ಭದ್ರಾವತಿ ನ್ಯೂ ಟೌನ್: ನಮ್ಮ ಹೊಲಗಳ ಹೊಸ ತೆನೆಯ ಆಶೀರ್ವಾದ.'

"ಇದಕ್ಕೋಸ್ಕರ ಬಸ್ಸಲ್ಲಿ ಬಂದ್ರಾ ಚೌರಪ್ಪನೋರೆ? ವಾಟ್ಸಾಪ್ ಮಾಡಿದ್ರೆ ಆಗ್ತಿತ್ತಲ್ಲ."

"ಪೆನ್ನು ಕೊಡಿ ಸಿಸ್ಟರ್."

ಅವರು ತಮ್ಮ ಸಾಲಿನ ಮೇಲೆ ಅಡ್ಡಗೆರೆ ಎಳೆದರು. ಕೆಳಗೆ, 'ಹಬ್ಬದ ಪೂಜೆ. ಈ ವರ್ಷ ಹೊಸ ತೆನೆ ಇರುವುದಿಲ್ಲ' ಎಂದು ಬರೆದರು. ಸಿಸ್ಟರ್ ಅದನ್ನು ಎರಡು ಸಲ ಓದಿದರು.

"ಏನು ನಡೀತದೆ ಅಂತ ಎಲ್ಲರೂ ಬರೆದು ಕಳಿಸ್ತಾರೆ. ಏನು ಇಲ್ಲ ಅಂತ ಹಾಕಿಸೋಕೆ ಬಂದೋರು ನೀವೊಬ್ಬರೇ" ಎಂದರು. "ಬಿಷಪರು ಕೇಳಿದ್ರೆ?"

"ಕೇಳ್ಲಿ ಸಿಸ್ಟರ್. ಹೇಳೋಕೆ ಇದೆ."

ಶನಿವಾರ ಅವರು ಮತ್ತೆ ಹೊಳೆಹೊನ್ನೂರಿಗೆ ಹೋದರು. ಮರುದಿನ ಓದಬೇಕಾದ ಹಾಳೆ ಜೇಬಿನಲ್ಲಿತ್ತು. ಅದನ್ನು ಮೊದಲು ಈ ಜಗಲಿಯ ಮೇಲೆ ಓದದೆ ಚರ್ಚಿನಲ್ಲಿ ಓದುವುದು ಸರಿಯಲ್ಲ ಎನ್ನಿಸಿತ್ತು. ಓದಿದರು. ದ್ಯಾಮಮ್ಮ ಮೊರವನ್ನು ಪಕ್ಕಕ್ಕಿಟ್ಟು ಕೇಳಿದರು. 'ಚೌಡಯ್ಯನವರ ಧರ್ಮಪತ್ನಿ' ಎಂಬಲ್ಲಿಗೆ ಬಂದಾಗ ಕೈ ಎತ್ತಿ ತಡೆದರು.

"ಅಲ್ಲಿ ದ್ಯಾಮಮ್ಮ ಅಂತ ಹಾಕಿ. ಹಕ್ಕಿ ಓಡಿಸುವಾಗ ನಾನು ಯಾರ ಹೆಂಡ್ತಿ ಅಂತ ಹಕ್ಕಿ ಕೇಳ್ತಿರ್ಲಿಲ್ಲ."

ಚೌರಪ್ಪನವರು ತಿದ್ದಿದರು. ಬಾಗಿಲಲ್ಲಿ ನಿಂತಿದ್ದ ಮಲ್ಲೇಶ್ ನಕ್ಕ. ದ್ಯಾಮಮ್ಮ ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡು, ಯಾರನ್ನೂ ನೋಡದೆ, "ಬೀಜ ಐತೆ" ಎಂದರು. "ಬೂದಿ ಬೆರೆಸಿ ಮಡಿಕೇಲಿ ಇಟ್ಟಿದೀನಿ. ಅವರು ಇಟ್ಟಂಗೇ."

"ಅವ್ವ, ಶುರು ಮಾಡಬ್ಯಾಡ" ಎಂದ ಮಲ್ಲೇಶ್.

"ನಾನು ಎಲ್ಲಿ ಕೂತ್ಕೊಂತೀನಿ ಅಂದೆ? ನೀನು ನಾಟಿ ಮಾಡು. ಕಾಯೋದು ಇವರು, ಇವರ ಚರ್ಚಿನೋರು. ಅಷ್ಟೊಂದು ಮನೆ ಐತಂತಲ್ಲ."

ಭಾನುವಾರ ಚೌರಪ್ಪನವರು ಎದ್ದು ಬಂದಾಗ ಕನ್ನಡಕ ಏರಿಸಲು ಎಂದಿಗಿಂತ ಹೆಚ್ಚು ಹೊತ್ತು ಹಿಡಿಯಿತು. ದನಿ ಮಾತ್ರ ಅದೇ ಹದದಲ್ಲಿತ್ತು.

"ಹೋದ ಭಾನುವಾರ ನಾನು ಓದಿದ ಒಂದು ಪ್ರಕಟಣೆ ತಪ್ಪು. ಬೆಳೆಯುವವರನ್ನು ಕೇಳದೆ ಓದಿದೆ. ಈ ವರ್ಷ ಹೊಸ ತೆನೆ ಇಲ್ಲ. ಇಪ್ಪತ್ತೆರಡು ವರ್ಷ ನಾವು ಉಂಡ ತೆನೆಯನ್ನು ಬೆಳೆದವರು ಹೊಳೆಹೊನ್ನೂರಿನ ಚೌಡಯ್ಯನವರು, ಹಕ್ಕಿಯ ಬಾಯಿಂದ ಉಳಿಸಿಕೊಟ್ಟವರು ದ್ಯಾಮಮ್ಮನವರು. ಹೆಸರು ಹೇಳಬೇಡಿ ಎಂದು ಚೌಡಯ್ಯನವರು ಕೇಳಿಕೊಂಡಿದ್ದರು. ದ್ಯಾಮಮ್ಮನವರು ಹಾಗೆ ಕೇಳಿರಲಿಲ್ಲ; ನಾನೇ ಅವರನ್ನು ವಿಚಾರಿಸಿರಲಿಲ್ಲ. ಎಂಟನೇ ತಾರೀಕು ಅವರು ನಮ್ಮ ಹಬ್ಬಕ್ಕೆ ಬರುತ್ತಾರೆ. ಮುಂದಿನ ವರ್ಷ ತೆನೆ ಬೇಕಾದರೆ ಆಗಸ್ಟಿನಲ್ಲಿ ಮೂರು ವಾರ ಹಕ್ಕಿ ಕಾಯುವವರು ಬೇಕು. ಬರುವವರು ಪೂಜೆಯ ನಂತರ ನನ್ನ ಬಳಿ ಹೆಸರು ಬರೆಸಿ."

ಹಿಂದಿನ ಸಾಲಿನಿಂದ ಕರಾವಳಿಯ ಒಬ್ಬ ಮುದುಕಿ ಎಲ್ಲರಿಗೂ ಕೇಳುವಂತೆ ಹೇಳಿದಳು: "ಇಷ್ಟು ವರ್ಷ ನೀವೇ ನಾಟಿ ಮಾಡಿದ ಹಾಗೆ ಓದ್ತಿದ್ರಲ್ಲ ಉಪದೇಶಿಗಳೇ."

ಜನ ನಕ್ಕರು. ಚೌರಪ್ಪನವರೂ ನಕ್ಕರೆಂದು ಕೆಲವರು ಹೇಳುತ್ತಾರೆ. ಇಲ್ಲ, ಹಾಳೆ ಮಡಿಚಿಕೊಂಡು ಸುಮ್ಮನೆ ಹೋಗಿ ಕುಳಿತರೆಂದು ಮುಂದಿನ ಸಾಲಿನಲ್ಲಿದ್ದವರ ಹೇಳಿಕೆ. ಹೊರಗೆ ಬೇವಿನ ಮರದ ಕೆಳಗೆ ಮೊದಲು ಹೆಸರು ಬರೆಸಿದವಳು ಅದೇ ಮುದುಕಿ ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ.

ಹಬ್ಬ ತೆನೆಯಿಲ್ಲದೆ ಕಳೆಯಿತು. ಬಿಷಪರು ಬಂದರು, ಪೂಜೆಯಾಯಿತು, ಮನೆಮನೆಯಲ್ಲಿ ಹಳೆಯ ಅಕ್ಕಿಯ ಪಾಯಸವಾಯಿತು. ದ್ಯಾಮಮ್ಮ ಹೆಂಗಸರ ಸಾಲಿನಲ್ಲಿ ಕುಳಿತು ಎಲ್ಲವನ್ನೂ ನೋಡಿ, "ಪಾಯಸಕ್ಕೆ ಬೆಲ್ಲ ಜಾಸ್ತಿ ಆಯ್ತು" ಎಂದು ಹೇಳಿ ಹೋದರು.

ಮರುವರ್ಷ ಮಲ್ಲೇಶ್ ಬಾವಿ ಪಕ್ಕದ ಮಡಿಯನ್ನು ಜೂನಿನಲ್ಲೇ ನೆಟ್ಟ. ಆಗಸ್ಟಿನಲ್ಲಿ ತೆನೆ ಹಾಲುದುಂಬಿತು. ಗಾಯನ ಮಂಡಳಿಯ ಹೆಂಗಸರು ತಮ್ಮ ಸರದಿಯ ದಿನ ಬದುವಿನ ಮೇಲೆ ಕುಳಿತು ಕೀರ್ತನೆ ಹಾಡಿದರು. ಹಕ್ಕಿಗಳು ಕದಲಲಿಲ್ಲ. "ಅಷ್ಟು ಚೆಂದ ಹಾಡಿದ್ರೆ ಕೂತು ಕೇಳ್ತಾವೆ ಕಣ್ರಮ್ಮಾ, ಡಬ್ಬ ಬಡೀರಿ" ಎಂದು ದ್ಯಾಮಮ್ಮ ಜಗಲಿಯಿಂದಲೇ ಕೂಗಿದರಂತೆ.

ಚೌರಪ್ಪನವರ ಸರದಿ ಬಂದದ್ದು ಕೊಯ್ಲಿಗೆ ಮೂರು ದಿನ ಮುಂಚೆ. ಬೆಳಕು ಹರಿಯುವ ಮೊದಲೇ ಮಲ್ಲೇಶನ ಬೈಕಿನಲ್ಲಿ ಬಂದು, ಎಣ್ಣೆಯ ಖಾಲಿ ಡಬ್ಬ ಹಿಡಿದು ಕುಳಿತರು. ಒಂದು ಮೂಲೆಯಿಂದ ಓಡಿಸಿದರೆ ಹಕ್ಕಿಗಳು ಇನ್ನೊಂದು ಮೂಲೆಗೆ ಇಳಿಯುತ್ತಿದ್ದವು. ಹತ್ತು ಗಂಟೆಗೆ ಭುಜ ನೋಯತೊಡಗಿತು. ಮಧ್ಯಾಹ್ನಕ್ಕೆ ಬುತ್ತಿ ಬಿಚ್ಚಿ ಎರಡು ತುತ್ತು ತಿನ್ನುವಷ್ಟರಲ್ಲಿ ಮೂರು ಸಲ ಏಳಬೇಕಾಯಿತು. ಇಂಥ ದಿನಗಳು ವರ್ಷಕ್ಕೆ ಇಪ್ಪತ್ತು, ಹಾಗೆ ಇಪ್ಪತ್ತೆರಡು ವರ್ಷ ಎಂದು ಲೆಕ್ಕ ಹಾಕಲು ಹೋಗಿ, ಅರ್ಧಕ್ಕೇ ಬಿಟ್ಟರು.

ಎರಡು ಗಂಟೆಯ ಹೊತ್ತಿಗೆ ಮಲ್ಲೇಶ್ ಮನೆಯ ಕಡೆಯಿಂದ ಬೇಗ ಬೇಗ ನಡೆದು ಬಂದ.

"ಮಾವ, ಡಬ್ಬ ಸ್ವಲ್ಪ ಮೆಲ್ಲಗೆ. ಅವ್ವ ಮಲಗಿದ್ದಾಳೆ."

"ಮಲಗಿದ್ದಾರಾ?"

"ಗೊರಕೆ ಹೊಡೀತಾ ಇದ್ದಾಳೆ. ಹಕ್ಕಿ ಕಾಯೋ ದಿನದಲ್ಲಿ ಅವಳು ಮಧ್ಯಾಹ್ನ ಮಲಗಿದ್ದು ನಾನು ನೋಡೇ ಇಲ್ಲ."

ಚೌರಪ್ಪನವರು ಡಬ್ಬವನ್ನು ಸದ್ದಾಗದಂತೆ ಹುಲ್ಲಿನ ಮೇಲೆ ಇಟ್ಟರು. ಅಷ್ಟರಲ್ಲಿ ಬಾವಿಯ ಆಚೆಯಿಂದ ಗಿಳಿಗಳ ಹಿಂಡೊಂದು ಬಂದು ಬಗ್ಗಿದ ತೆನೆಗಳ ಮೇಲೆ ಇಳಿಯಿತು. ಅವರು ಚಪ್ಪಲಿ ಬಿಟ್ಟು, ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡು, ಅದನ್ನು ತಲೆಯ ಮೇಲೆ ಬೀಸುತ್ತ, ಬಾಯಿ ಬಿಗಿಹಿಡಿದು, ಬದುವಿನ ಉದ್ದಕ್ಕೂ ಓಡಿದರು.