ತಿಪ್ಪಮ್ಮ ಬೂದಿ ತೆಗೆಯುವ ಹೊತ್ತು

ನನ್ನ ಹೆಂಡತಿ ತಿಪ್ಪಮ್ಮನಷ್ಟು ಹಟಮಾರಿಯನ್ನು ಗುಬ್ಬಿ ತಾಲ್ಲೂಕಿನಲ್ಲೇ ನಾನು ಕಂಡಿಲ್ಲ. ಬಸ್ ಕಂಡಕ್ಟರ್ ಆಗಿ ಹೆಬ್ಬೂರು, ಕುಣಿಗಲ್ ಎಲ್ಲಾ ಸುತ್ತಿ, ಸೀಟಿಗಾಗಿ ಕುತ್ತಿಗೆಪಟ್ಟಿ ಹಿಡಿಯುವವರನ್ನು ದಿನಾ ನೋಡಿದವನು ಹೇಳುತ್ತಿದ್ದೇನೆ. ಅವರೆಲ್ಲ ಇವಳ ಮುಂದೆ ಏನೇನೂ ಅಲ್ಲ.

ತುಮಕೂರಿನ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, "ಅಮ್ಮಾ, ಹೊಗೆ ಕುಡಿದು ಕುಡಿದು ನಿಮ್ಮ ಶ್ವಾಸಕೋಶ ಸೋತಿದೆ. ಇನ್ನೂ ಸೌದೆ ಒಲೆ ಮುಂದೆ ಕೂತ್ರೆ ಆಕ್ಸಿಜನ್ ಸಿಲಿಂಡರ್ ಜೊತೆ ಸಂಸಾರ ಮಾಡಬೇಕಾಗುತ್ತೆ" ಎಂದರು. ಇವಳು ಮಗುವಿನ ಹಾಗೆ ತಲೆಯಾಡಿಸಿದಳು. ಮನೆಗೆ ಬಂದವಳೇ ಸೆರಗು ಸಿಕ್ಕಿಸಿ ಹಿತ್ತಲ ಅಡುಗೆಮನೆಯ ಮಣ್ಣಿನ ಒಲೆ ಮುಂದೆ ಕೂತಳು. ಮನೆಯಲ್ಲಿ ಗ್ಯಾಸ್ ಇಲ್ಲದೆ ಇಲ್ಲ. ಆದರೆ ಅದು ಕಾಫಿಗೆ, ಉಪ್ಪಿಟ್ಟಿಗೆ. ಮುದ್ದೆ, ಸಾರು ಸೌದೆ ಉರಿಯಲ್ಲೇ ಬೇಯಬೇಕು. ಚೇಳೂರಿನ ನಮ್ಮ ತೋಟದಿಂದ ಬರುವ ತೆಂಗಿನ ಮಟ್ಟೆ, ಗರಿ, ಚಿಪ್ಪು ಎಲ್ಲ ಅವಳ ಆಸ್ತಿ.

ನನಗೆ ಸಿಟ್ಟು ಬಂದು ಕೂಗಾಡಿದೆ. ನನ್ನ ಕೂಗಾಟಕ್ಕೆ ಈ ಮನೆಯಲ್ಲಿ ಬೆಕ್ಕೂ ಎದ್ದು ಹೋಗುವುದಿಲ್ಲ. ಕೆಲಸ ಮಾಡಿದವಳು ನನ್ನ ಸೊಸೆ ಮಾಲಿನಿ. ಬ್ಯಾಂಕಿಗೆ ಹೋಗುವ ಹುಡುಗಿ, ಮಾತು ಕಡಿಮೆ. ತುಮಕೂರಿನಿಂದ ಹೊಸ ಬಗೆಯ ಕಬ್ಬಿಣದ ಸೌದೆ ಒಲೆ ತರಿಸಿದಳು. ಒಳಗೆ ಇಟ್ಟಿಗೆ, ಮುಂದೆ ಗಾಳಿಗೊಂದು ಪುಟ್ಟ ಬಾಗಿಲು, ಕೆಳಗೆ ಜಾಲರಿ, ಅದರ ಕೆಳಗೆ ಬೂದಿ ಬೀಳುವ ತಟ್ಟೆ. ಹೊಗೆಗೆ ಚಾವಣಿ ದಾಟುವ ಕೊಳವೆ.

"ಅತ್ತೆ, ಇದರಲ್ಲೂ ಹೊಗೆ ಬಂದ್ರೆ ಹಿತ್ತಲ ಅಡುಗೆಮನೆಗೆ ಬೀಗ. ಆಮೇಲೆ ನೀವು ಅತ್ರೂ ತೆಗಿಯಲ್ಲ" ಎಂದಳು ಮಾಲಿನಿ.

"ಬೀಗ ಹಾಕಿದ್ ದಿನದಿಂದ ನಾನು ಈ ಮನೇಗೆ ನೆಂಟ್ರ ಥರ ಕಣಮ್ಮ. ಕೂತು ಉಣ್ಣೋದಷ್ಟೇ" ಎಂದಳು ಇವಳು. ಆ ಮಾತು ಕೇಳಿ ನನಗೆ ಸಂಕಟವಾಯಿತು. ಅಡುಗೆ ಬಿಡಿಸಿದರೆ ಇವಳು ಉಳಿಯುವುದಿಲ್ಲ, ಬಿಡಿಸದಿದ್ದರೂ ಉಳಿಯುವುದಿಲ್ಲ.

ಮೊದಲ ದಿನ ಮಾಲಿನಿಯೇ ಒಲೆ ಹೊತ್ತಿಸಿ ತೋರಿಸಿದಳು. ಹೆಬ್ಬೆರಳಿನಷ್ಟು ದಪ್ಪಕ್ಕೆ ಸೀಳಿದ ಒಣ ಮಟ್ಟೆ, ಅಡಿಯಲ್ಲಿ ಚೂರು ಗರಿ. ಗಾಳಿಬಾಗಿಲು ಪೂರ್ತಿ ತೆಗೆದಿಟ್ಟು, ಉರಿ ಹಿಡಿದ ಮೇಲೆ ಅರ್ಧ ಮುಚ್ಚಿದಳು. "ತುರುಕಬೇಡಿ ಅತ್ತೆ. ಸ್ವಲ್ಪ ಸ್ವಲ್ಪ ಹಾಕಿ." ನಾನು ಅಂಗಳಕ್ಕೆ ಹೋಗಿ ಕೊಳವೆಯ ಬಾಯಿ ನೋಡಿದೆ. ಹೊಗೆಯ ಸುಳಿವೇ ಇಲ್ಲ! ಒಂದು ತೆಕ್ಕೆ ಸೌದೆ ತಿನ್ನುತ್ತಿದ್ದ ಅಡುಗೆ ಎರಡು ಹಿಡಿಯಲ್ಲಿ ಮುಗಿಯಿತು. ಗಂಟಿಲ್ಲದ ಮುದ್ದೆ ಉಂಡು, ಈ ಒಲೆ ಕಂಡುಹಿಡಿದ ಪುಣ್ಯಾತ್ಮನ ಹೊಟ್ಟೆ ತಣ್ಣಗಿರಲಿ ಎಂದುಕೊಂಡೆ.

ಆದರೆ ದಿನ ಕಳೆದಂತೆ ಉರಿ ಮಂಕಾಗುತ್ತಾ ಬಂತು. ವಾರ ತುಂಬುವುದರೊಳಗೆ ಹೊಗೆ ಕೊಳವೆ ಬಿಟ್ಟು ಒಲೆಯ ಬಾಗಿಲಿಂದಲೇ ಹೊರಗೆ ಬರತೊಡಗಿತು. ತಿಪ್ಪಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಯಾರಿಗೂ ಕೇಳದ ಹಾಗೆ ಕೆಮ್ಮುವುದನ್ನು ಕಲಿತಳು. ನಾನು ಮಟ್ಟೆಯನ್ನು ಇನ್ನೂ ಸಣ್ಣಗೆ ಸೀಳಿದೆ, ತಾರಸಿ ಮೇಲೆ ಒಣಗಿಸಿದೆ, ಏಣಿ ಹತ್ತಿ ಕೊಳವೆ ಬಡಿದೆ. ಏನು ಮಾಡಿದರೂ ಅಷ್ಟೇ. ಮಗ ಗುರುಪ್ರಕಾಶ್ ಬೀಗದ ಕೈ ಹುಡುಕತೊಡಗಿದ.

ಒಂದು ದಿನ ಬೆಳಿಗ್ಗೆ ಮಾಲಿನಿ ಅತ್ತೆಯ ಪಕ್ಕ ಕೂತು ನೋಡುತ್ತಿದ್ದಳು. ನಾನು ಬಗ್ಗಿ ಬೂದಿ ತಟ್ಟೆ ಎಳೆದೆ. ಬರಲಿಲ್ಲ. ಜೋರಾಗಿ ಜಗ್ಗಿದಾಗ ಅರ್ಧ ಬಂತು. ಜಾಲರಿಯವರೆಗೂ ಬೂದಿ ಒತ್ತಾಗಿ ತುಂಬಿತ್ತು. ಗಾಳಿ ಬರುವ ದಾರಿಯೇ ಇರಲಿಲ್ಲ.

"ಏನೇ ಇದು? ತಟ್ಟೆ ದಿನಾ ಖಾಲಿ ಮಾಡಿ ಅಂತ ಒಲೆ ಅಂಗಡಿಯವನು ಬಡ್ಕೊಂಡ್ನಲ್ಲ!"

ತಿಪ್ಪಮ್ಮ ನನ್ನ ಕೈ ಹಿಡಿದುಕೊಂಡಳು. "ಮುಟ್ಟಬ್ಯಾಡಿ. ಒಲೆ ಬರಿದು ಮಾಡಬಾರ್ದು."

ಆಗ ನನಗೆ ಹೊಳೆಯಿತು. ಅವಳ ತವರು ಹುಲಿಯೂರುದುರ್ಗದಲ್ಲಿ ರಾತ್ರಿ ಕೆಂಡದ ಮೇಲೆ ಬೂದಿ ಮುಚ್ಚಿಟ್ಟು, ಬೆಳಿಗ್ಗೆ ಅದನ್ನೇ ಕೆದಕಿ ಉರಿ ಮಾಡುವುದು ರೂಢಿ. ಒಲೆಯ ಬೂದಿಯನ್ನು ಪೂರ್ತಿ ಬಳಿದು ತೆಗೆಯುವುದು ಮನೆಯಲ್ಲಿ ಸಾವಾದಾಗ ಮಾತ್ರ. ನಮ್ಮ ದೊಡ್ಡ ಮಗಳು ನೇತ್ರಾವತಿ ಚಿಕ್ಕವಳಿದ್ದಾಗಲೇ ಜ್ವರದಲ್ಲಿ ಹೋದಳು. ಅವತ್ತು ಬೀದಿಯ ಹೆಂಗಸರು ಬಂದು ನಮ್ಮ ಒಲೆಯ ಬೂದಿ ಬಳಿದರು. ತಿಪ್ಪಮ್ಮ ಗೋಡೆಗೆ ಒರಗಿ ಅದನ್ನೇ ನೋಡುತ್ತಾ ಕೂತಿದ್ದಳು. ಅವಳು ಒಲೆ ಖಾಲಿಯಾದದ್ದನ್ನು ಕಂಡಿದ್ದು ಅದೊಂದೇ ಸಲ. ಬರಿದು ಮಾಡಿದರೆ ಮತ್ತೆ ಸಾವು ಬಂದೀತೆಂದು ಹೆದರಿ, ಈ ಹೊಸ ಒಲೆಯಲ್ಲೂ ಮೇಲಿನ ಬೂದಿ ಚೂರು ತೆಗೆದು ಉಳಿದದ್ದನ್ನು ದಿನಾ ಬಿಡುತ್ತಿದ್ದಳು.

ಮಾಲಿನಿ ವಾದ ಮಾಡುತ್ತಾಳೆ, ವಿಜ್ಞಾನ ಹೇಳುತ್ತಾಳೆ ಎಂದುಕೊಂಡೆ. ಆ ಹುಡುಗಿ ತಟ್ಟೆಯನ್ನು ಮೆಲ್ಲಗೆ ಒಳಕ್ಕೆ ತಳ್ಳಿ, "ಇರ್ಲಿ ಬಿಡಿ ಅತ್ತೆ. ಹೊಗೇಲೇ ಮಾಡೋಣ. ನಾನೂ ಇಲ್ಲೇ ಕೂತ್ಕೋತೀನಿ" ಎಂದು ಇನ್ನೂ ಹತ್ತಿರ ಸರಿದು ಕೂತಳು. ಕಣ್ಣು ಕೆಂಪಾಯಿತು. ಕೆಮ್ಮು ಬಂತು. ಏಳಲಿಲ್ಲ. ಮತ್ತೆ ಕೆಮ್ಮಿದಳು. ಅದು ಜಾಣತನವೋ ಪ್ರೀತಿಯೋ ಇವತ್ತಿಗೂ ನನಗೆ ಗೊತ್ತಿಲ್ಲ, ಆದರೆ ಅಂಥ ಸೊಸೆಯನ್ನು ಪಡೆಯಲು ಪುಣ್ಯ ಮಾಡಿರಬೇಕು.

ತಿಪ್ಪಮ್ಮ ತಡೆಯಲಾರದೆ ಹೋದಳು. "ಏಳೇ ಮೇಲಕ್ಕೆ! ನಂದಾದ್ರೆ ಮುಗೀತು, ನಿಂದ್ಯಾಕೆ ಹಾಳು ಮಾಡ್ಕಂತೀಯ?" ಎಂದು ಗದರಿ, ನೀರು ಚಿಮುಕಿಸಿ ಉರಿ ಆರಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಗುರೂನ ಕರೀರಿ. ಇಂಪನಾನೂ ಎಬ್ಬಿಸ್ಕಂಡ್ ಬನ್ನಿ. ಎಲ್ರೂ ನನ್ನ ಕಣ್ಮುಂದೆ ನಿಂತ್ಕಳಿ" ಎಂದಳು.

ಮಗ ಅರ್ಧ ಮುಖಕ್ಕೆ ಶೇವಿಂಗ್ ನೊರೆ ಇಟ್ಟುಕೊಂಡೇ ಬಂದ. ಮೊಮ್ಮಗಳು ಇಂಪನಾ ಆಕಳಿಸುತ್ತಾ ಬಂದಳು. ನಾವು ಸಾಲಾಗಿ ನಿಂತೆವು. ತಿಪ್ಪಮ್ಮ ತಟ್ಟೆ ಎಳೆದಳು, ಜಾಲರಿ ಕೆರೆದಳು, ಕೊನೆಯ ಚಿಟಿಕೆಯವರೆಗೂ ಬಳಿದಳು. ಪ್ರತಿ ಸಲ ಬಳಿದಾಗಲೂ ತಲೆಯೆತ್ತಿ ನಮ್ಮ ಮುಖ ನೋಡುತ್ತಿದ್ದಳು. ಆಮೇಲೆ ಹೊಸದಾಗಿ ಗರಿ ಇಟ್ಟು ಕಡ್ಡಿ ಗೀರಿದಳು. ಉರಿ ಭಗ್ಗನೆ ಎದ್ದಿತು. ಹೊಗೆ ಬರಲಿಲ್ಲ.

ಅಂದಿನಿಂದ ಬೆಳಿಗ್ಗೆ ಅವಳು ಬೂದಿ ತೆಗೆಯುವಾಗ ಯಾರೂ ಹೊಸ್ತಿಲು ದಾಟುವಂತಿಲ್ಲ. ಮಗನಿಗೆ ತುಮಕೂರಿನ ಬಸ್ ತಪ್ಪಿದರೂ ಸರಿ.

ಮೊನ್ನೆ ತೋಟದ ಕೆಲಸಕ್ಕೆಂದು ಚೇಳೂರಿನಲ್ಲೇ ಉಳಿದಿದ್ದೆ. ಬೆಳಿಗ್ಗೆ ಫೋನ್ ಬಂತು.

"ರೀ, ಬೂದಿ ತೆಗೀತಿದೀನಿ. ಮಾತಾಡಿ."

"ಏನಂತ ಮಾತಾಡ್ಲೇ?"

"ಏನಾದ್ರೂ. ಒಲೆ ಹತ್ತೋವರ್ಗೂ ಸುಮ್ನಾಗಬ್ಯಾಡಿ."

ನಾನು ತೆಂಗಿನ ಬುಡದಲ್ಲಿ ನಿಂತು ಪಂಪ್‌ಸೆಟ್ಟು, ಕರೆಂಟು, ಪಕ್ಕದ ತೋಟದವನ ನಾಯಿ ಎಂದು ಬಾಯಿಗೆ ಬಂದದ್ದನ್ನೆಲ್ಲ ಹೇಳುತ್ತಲೇ ಇದ್ದೆ. ಅತ್ತ ಕಡೆ ಜಾಲರಿ ಕೆರೆಯುವ ಸದ್ದಾಯಿತು, ಕಡ್ಡಿ ಗೀರಿದ ಸದ್ದಾಯಿತು. ಕೆಮ್ಮು ಕೇಳಿಸಲಿಲ್ಲ.